ರಾಶಿ ಶುರುವಾದರೆ ಸೀನು ಶುರು

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕಲಬುರಗಿ ಹತ್ತಿರದ ಹಳ್ಳಿ. ತೊಗರಿ ರಾಶಿ ಶುರುವಾದರೆ ಸಾಕು, ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ಕಣ್ಣು ತುರಿಕೆ. ತಿಂಗಳಿಂದ ಮೂಗಿಗೆ ಡ್ರಾಪ್ಸ್ ಹಾಕುತ್ತಿದ್ದೇನೆ, ಈಗ ಇನ್ನೂ ಜಾಸ್ತಿ ಕಟ್ಟುತ್ತಿದೆ.

ಉತ್ತರ: ಮೊದಲು ಆ ಡ್ರಾಪ್ಸ್ ಬಿಡಿ. ಕ್ಸೈಲೋಮೆಟಜೋಲಿನ್ ತರಹದ, ಕಟ್ಟಿದ ಮೂಗು ಬಿಡಿಸುವ ಡ್ರಾಪ್ಸನ್ನು 5 ದಿನ ದಾಟಿ ಹಾಕಿದರೆ ಅದೇ ಮೂಗು ಕಟ್ಟಿಸುತ್ತದೆ. ಹತ್ತಿರದ ಡಾಕ್ಟರಿಗೆ ತೋರಿಸಿ, ಮೂಗಿನ ಸ್ಟಿರಾಯ್ಡ್ ಸ್ಪ್ರೇ ಬಗ್ಗೆ ಕೇಳಿ. ಹೆಸರು ಕೇಳಿ ಹೆದರಬೇಡಿ, ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು, ಜನ ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಅಲರ್ಜಿ ಮಾತ್ರೆ ಸೆಟಿರಿಜಿನ್ ನುಂಗಿದರೆ ತೂಕಡಿಕೆ ಬರಬಹುದು, ಟ್ರ್ಯಾಕ್ಟರ್ ಹತ್ತಬೇಡಿ. ಮಷಿನ್ ಮುಂದೆ ಹೊಟ್ಟು ಹಾರುವಾಗ ಮುಖಕ್ಕೆ ಸುತ್ತಿದ ಟವೆಲ್ ಸಾಲದು, ಎನ್95 ಮಾಸ್ಕೇ ಬೇಕು. ಬದುವಿನ ಪಾರ್ಥೇನಿಯಂ (ಕಾಂಗ್ರೆಸ್ ಕಳೆ) ಹೂ ಬಿಡುವ ಮೊದಲೇ ಕಿತ್ತುಬಿಡಿ, ಬರಿಗೈಲಿ ಮಾತ್ರ ಬೇಡ. ಉಸಿರಾಡುವಾಗ ಎದೆ ಸುಂಯ್ ಅಂದರೆ ರಾಶಿ ಮುಗಿಯಲಿ ಅಂತ ಕಾಯಬೇಡಿ.