ಶ್ವಾಸಕೋಶದಲ್ಲಿ ಹಳೇ ಹೆಪ್ಪು: ಮೈ ತಣ್ಣಗೆ ಮಾಡಿ ಆಪರೇಷನ್ ಯಾಕೆ?

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ. ಎರಡು ವರ್ಷದಿಂದ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ಆಸ್ತಮಾ ಅಂತ ಇನ್‌ಹೇಲರ್ ಕೊಟ್ಟಿದ್ದರು, ಗುಣ ಕಾಣಲಿಲ್ಲ. ಈಗ ಕಾಲು ಬೇರೆ ಊದುತ್ತಿದೆ. ಎಕೋ, ಸ್ಕ್ಯಾನ್ ಎಲ್ಲ ಆದ ಮೇಲೆ ಶ್ವಾಸಕೋಶದ ರಕ್ತನಾಳದಲ್ಲಿ ಹಳೇ ಹೆಪ್ಪುಗಳಿವೆ, ಎದೆ ತೆರೆದು ತೆಗೆಯಬೇಕು, ಮೈ ತಣ್ಣಗೆ ಮಾಡಿ ರಕ್ತದ ಓಡಾಟವನ್ನೇ ನಿಲ್ಲಿಸುತ್ತೇವೆ ಅನ್ನುತ್ತಿದ್ದಾರೆ. ಕೇಳಿಯೇ ಜೀವ ಹಾರಿಹೋಯಿತು. ಮಾತ್ರೆಯಲ್ಲಿ ಕರಗಲ್ವಾ? ಸ್ಟೆಂಟ್ ಹಾಕಿದರೆ ಆಗಲ್ವಾ ಡಾಕ್ಟ್ರೇ?
– ಓದುಗರೊಬ್ಬರು, ಚಿತ್ರದುರ್ಗ ಜಿಲ್ಲೆ

ಉತ್ತರ: ಮೊದಲು ಮಾತ್ರೆ ವಿಷಯ. ರಕ್ತ ತೆಳುವಾಗಿಸುವ ಮಾತ್ರೆ ಹೆಪ್ಪನ್ನು ಕರಗಿಸುವುದಿಲ್ಲಮ್ಮ, ಹೊಸದು ಕಟ್ಟದ ಹಾಗೆ ನೋಡಿಕೊಳ್ಳುತ್ತದೆ ಅಷ್ಟೇ. ಇರುವ ಹೆಪ್ಪನ್ನು ಕರಗಿಸುವುದು ನಮ್ಮ ಮೈಯೇ. ಹೆಚ್ಚಿನವರಲ್ಲಿ ಅದು ಕರಗಿಯೂ ಹೋಗುತ್ತದೆ. ನೂರರಲ್ಲಿ ಕೆಲವರಿಗೆ ಮಾತ್ರ, ಮೂರು ತಿಂಗಳು ಸರಿಯಾಗಿ ಮಾತ್ರೆ ತಗೊಂಡರೂ ಹೆಪ್ಪು ಹಾಗೇ ಉಳಿದು ನಾಳದ ಒಳಗೋಡೆಗೆ ಅಂಟಿ ಗಟ್ಟಿಯಾಗುತ್ತದೆ, ಬೋರ್‌ವೆಲ್ ನೀರಿನ ಪೈಪಿನೊಳಗೆ ಬಿಳಿ ಪದರ ಕಟ್ಟುತ್ತಲ್ಲ, ಹಾಗೆ. ಇದಕ್ಕೆ ಮಾತ್ರೆ ನಾಟುವುದಿಲ್ಲ. ದಾರಿ ಕಿರಿದಾದಷ್ಟೂ ಹೃದಯದ ಬಲಭಾಗ ಜಾಸ್ತಿ ಒತ್ತಡದಲ್ಲಿ ತಳ್ಳಬೇಕು. ತಳ್ಳಿ ತಳ್ಳಿ ಸೋತಾಗಲೇ ಕಾಲು ಊದುವುದು. ನಿಮ್ಮ ಯಜಮಾನರಿಗೆ ಊತ ಶುರುವಾಗಿದೆ ಅಂದರೆ ತಡ ಮಾಡುವ ಹಾಗಿಲ್ಲ.

ಇದನ್ನು ಆಸ್ತಮಾ ಅಂದುಕೊಳ್ಳುವುದು ಹೊಸತೇನಲ್ಲ. ಕಾಯಿಲೆ ಅಪರೂಪ, ಎದೆಯ ಎಕ್ಸ್‌ರೇ ಎಷ್ಟೋ ಸಲ ಚೆನ್ನಾಗೇ ಕಾಣುತ್ತದೆ. ಹಿಡಿದುಕೊಡುವುದು ವಿ-ಕ್ಯೂ ಅನ್ನೋ ಸ್ಕ್ಯಾನ್. ಗಾಳಿ ಹೋಗುತ್ತಿರುವ ಜಾಗಕ್ಕೆ ರಕ್ತವೂ ಹೋಗುತ್ತಿದೆಯಾ ಅಂತ ಅದರಲ್ಲಿ ನೋಡುತ್ತಾರೆ. ಮಾಡಿಸಿದ್ದಾರಾ, ಕೇಳಿ.

ಇನ್ನು ಆ ತಣ್ಣಗೆ ಮಾಡುವ ಮಾತು. ಎದೆಮೂಳೆ ಸೀಳಿ, ಹೃದಯ-ಶ್ವಾಸಕೋಶದ ಕೆಲಸವನ್ನು ಮೆಷಿನ್‌ಗೆ ವಹಿಸಿ, ಮೈಯನ್ನು ಸುಮಾರು 20 ಡಿಗ್ರಿವರೆಗೆ ನಿಧಾನಕ್ಕೆ ತಂಪು ಮಾಡುತ್ತಾರೆ. ಅಷ್ಟು ತಂಪಿನಲ್ಲಿ ಮಿದುಳಿಗೆ ಬೇಕಾಗುವ ಆಮ್ಲಜನಕ ತೀರಾ ಕಡಿಮೆ, ಹಾಗಾಗಿ ಸ್ವಲ್ಪ ಹೊತ್ತು ರಕ್ತ ನಿಂತರೂ ತಡೆದುಕೊಳ್ಳುತ್ತದೆ. ಸುಮ್ನೆ ನಿಲ್ಲಿಸುವುದಲ್ಲ. ಶ್ವಾಸಕೋಶಕ್ಕೆ ಇನ್ನೊಂದು ಸಣ್ಣ ದಾರಿಯಿಂದಲೂ ರಕ್ತ ಬರುತ್ತಿರುತ್ತದೆ, ಅದು ಹರಿಯುತ್ತಿದ್ದರೆ ನಾಳದೊಳಗೆ ಸರ್ಜನ್‌ಗೆ ಏನೂ ಕಾಣುವುದಿಲ್ಲ. ಒಂದು ಸಲಕ್ಕೆ 20 ನಿಮಿಷ. ಅಷ್ಟರಲ್ಲಿ ಒಂದು ಕಡೆಯ ಪದರವನ್ನು ಬಿಡಿಸಿ ಎಳೆಯಬೇಕು, ಆಮೇಲೆ ಮತ್ತೆ ರಕ್ತ ಬಿಟ್ಟು, ಸುಧಾರಿಸಿಕೊಂಡು, ಇನ್ನೊಂದು ಕಡೆ. ಪದರ ತೀರಾ ಆಳಕ್ಕೆ ಹೋದರೆ ನಾಳ ತೂತು ಬೀಳುತ್ತದೆ, ಮೇಲೆ ಮೇಲೇ ಕೆರೆದರೆ ಹೆಪ್ಪು ಉಳಿಯುತ್ತದೆ. ಸರಿಯಾಗಿ ಬಂದಾಗ ಬಿಳಿ-ಹಳದಿ ಬಣ್ಣದ ತುಂಡು ಬೆರಳುದ್ದಕ್ಕೂ ಕವಲೊಡೆದು, ತುದಿ ದಾರದಷ್ಟು ಸಣ್ಣಗಾಗಿ ಈಚೆ ಬರುತ್ತದೆ. ಅದನ್ನು ಹಸಿರು ಬಟ್ಟೆ ಮೇಲೆ ಹರಡಿ ಫೋಟೋ ತೆಗೆದು ಮನೆಯವರಿಗೂ ತೋರಿಸುವವರಿದ್ದಾರೆ. ನೋಡಿದರೆ ಏದುಸಿರು ಯಾಕೆ ಬರುತ್ತಿತ್ತು ಅಂತ ಹೇಳಿಕೊಡಬೇಕಾಗಿಲ್ಲ.

ಸ್ಟೆಂಟ್ ಇಲ್ಲಿ ಬಳಸುವ ರೂಢಿಯಿಲ್ಲ. ಬಲೂನ್ ಹಾಕಿ ಹಿಗ್ಗಿಸುವುದುಂಟು, ಹೆಪ್ಪು ಕರಗಿಸದಿದ್ದರೂ ರಕ್ತನಾಳವನ್ನು ಸಡಿಲಿಸುವ ರಿಯೊಸಿಗ್ವಾಟ್ ಅನ್ನೋ ಮಾತ್ರೆಯೂ ಇದೆ. ಆದರೆ ಹೆಪ್ಪು ಕೈಗೆಟುಕದ ಸಣ್ಣ ಕವಲುಗಳಲ್ಲಿದ್ದರೆ, ಇಲ್ಲವೇ ಆಪರೇಷನ್ ತಡೆಯುವ ಶಕ್ತಿ ಇಲ್ಲದಿದ್ದರೆ ಅವು. ಕೈಗೆಟುಕುವ ಹೆಪ್ಪಿಗೆ ಆಪರೇಷನ್ನೇ ಮೊದಲ ಮದ್ದು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಅಪಾಯ ಇಲ್ಲವೇ? ಇದೆ. ಕೈ ಪಳಗಿದ ಕಡೆಗಳಲ್ಲೂ ನೂರಕ್ಕೆ ಎರಡರಿಂದ ಐದು ಜನ ಉಳಿಯುವುದಿಲ್ಲ, ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ವೆಂಟಿಲೇಟರ್ ಮೇಲೆ ಜಾಸ್ತಿ ದಿನ ಇರಬೇಕಾಗುತ್ತದೆ. ಅದಕ್ಕೇ, ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡುತ್ತೀರಿ ಅಂತ ಸಂಕೋಚವಿಲ್ಲದೆ ಕೇಳಿ. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ 1970ರಿಂದ ಇದನ್ನು ಮಾಡುತ್ತಾ ಬಂದಿದ್ದಾರೆ. ಅಷ್ಟು ದೂರ ಹೋಗುವ ಅಗತ್ಯವೇನಿಲ್ಲ, ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲೂ ಬಹಳ ವರ್ಷಗಳಿಂದ ನಡೆಯುತ್ತಿದೆ. ಎರಡನೇ ಅಭಿಪ್ರಾಯ ಬೇಕೆನಿಸಿದರೆ ಸ್ಕ್ಯಾನಿನ ಸಿ.ಡಿ.ಯನ್ನೇ ಒಯ್ಯಿರಿ, ಬರೀ ರಿಪೋರ್ಟ್ ಸಾಲದು. ಹೆಪ್ಪು ಕೈಗೆ ಸಿಗುತ್ತದಾ ಅಂತ ಸರ್ಜನ್ ಕಣ್ಣಾರೆ ನೋಡಬೇಕು.

ಪ್ರಶ್ನೆ: ಇದೇ ಆಪರೇಷನ್ ನನಗಾಗಿ ಆರು ತಿಂಗಳಾಯಿತು, ಆರಾಮಾಗಿದ್ದೇನೆ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ಯಾವಾಗ ನಿಲ್ಲಿಸಬಹುದು? ಮನೆಯಲ್ಲಿ ಸೊಪ್ಪು ಮುಟ್ಟಲೂ ಬಿಡುವುದಿಲ್ಲ!
– ಓದುಗರು, ಮಂಡ್ಯ

ಉತ್ತರ: ನಿಲ್ಲಿಸುವ ಹಾಗಿಲ್ಲ ಸ್ವಾಮಿ, ಜೀವನಪೂರ್ತಿ. ಆರಾಮಾಗಿದ್ದೀರಿ ಅಂತಲೇ ಬಿಡಬೇಡಿ. ಸೊಪ್ಪು ಧಾರಾಳವಾಗಿ ತಿನ್ನಿ, ಆದರೆ ವಾರವಾರವೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿರಲಿ. ತಿಂಗಳೆಲ್ಲ ಬಿಟ್ಟು ಒಂದು ವಾರ ದಿನಾ ನುಗ್ಗೆಸೊಪ್ಪಿನ ಬಸ್ಸಾರು ಹೊಡೆದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ರಕ್ತಪರೀಕ್ಷೆಯ ಅಂಕಿ) ಏರುಪೇರಾಗುತ್ತದೆ. ಅದು ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಮಂಡಿನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದು ಮಾತ್ರ ಬೇಡವೇ ಬೇಡ. ಹಲ್ಲು ಕೀಳಿಸುವುದಿದ್ದರೆ ಕುರ್ಚಿ ಮೇಲೆ ಕೂರುವ ಮೊದಲೇ ವಾರ್ಫರಿನ್ ವಿಷಯ ಹೇಳಿ.