ಟ್ರಕಿಯಾಸ್ಟಮಿ (ಉಸಿರಾಡಲು ಕತ್ತಿನಲ್ಲಿ ರಂಧ್ರ ಮಾಡಿ ಟ್ಯೂಬ್ ಇಡುವುದು) ಆದ ಕೂಸಿಗೆ ಮನೆಯಲ್ಲಿ ಆ ಟ್ಯೂಬ್ ಕಫದಿಂದ ಕಟ್ಟಿಕೊಂಡು ಉಸಿರಾಡಲು ಕಷ್ಟವಾದರೆ ಏನು ಮಾಡಬೇಕು?

ಮೊದಲು ಸಕ್ಷನ್, ಅಂದರೆ ಕ್ಯಾತಿಟರ್ ಎಂಬ ತೆಳು ಕೊಳವೆಯಿಂದ ಕಫ ಹೀರಿ ತೆಗೆಯುವುದು. ಕ್ಯಾತಿಟರ್ ಆರಿಸುವ ಲೆಕ್ಕ ಸುಲಭ: ಟ್ಯೂಬಿನ ಒಳವ್ಯಾಸದ ಎರಡರಷ್ಟು. 4 ಮಿ.ಮೀ. ಟ್ಯೂಬಿಗೆ 8 ಫ್ರೆಂಚ್ (ಕ್ಯಾತಿಟರ್ ದಪ್ಪದ ಅಳತೆ). ಟ್ಯೂಬಿನ ತುದಿ ದಾಟಿ ಆಳಕ್ಕೆ ಇಳಿಸಬೇಡಿ, ಶ್ವಾಸನಾಳದ ಒಳಪೊರೆ ಕಿತ್ತು ರಕ್ತ ಬರುತ್ತದೆ. ಒಂದು ಸಲಕ್ಕೆ 5–10 ಸೆಕೆಂಡ್ ಸಾಕು.

ಕ್ಯಾತಿಟರ್ ಒಳಗೆ ಹೋಗದಿದ್ದರೆ ಕಫ ಒಣಗಿ ಬಿರಡೆಯಂತೆ ಕೂತಿರುತ್ತದೆ, ಇಲ್ಲವೇ ಟ್ಯೂಬ್ ಜಾರಿರುತ್ತದೆ. ಮತ್ತೆ ಮತ್ತೆ ಚುಚ್ಚುತ್ತ ಹೊತ್ತು ಕಳೆಯಬೇಡಿ, ಟ್ಯೂಬನ್ನೇ ಬದಲಿಸಿ. ಹೆಗಲ ಕೆಳಗೆ ಸುತ್ತಿದ ಟವೆಲ್ ಇಟ್ಟು ಕತ್ತು ಹಿಂದಕ್ಕೆ ಬಾಗಿಸಿ. ಟ್ಯೂಬ್ ಹಿಡಿದಿಡುವ ದಾರ ಕತ್ತರಿಸಿ ಹಳೆಯದನ್ನು ತೆಗೆದು ಹೊಸದನ್ನು ಇಳಿಸಿ, ಒಳಗಿನ ಕಡ್ಡಿಯನ್ನು (ಆಬ್ಚುರೇಟರ್) ಆ ಕ್ಷಣವೇ ಎಳೆಯಿರಿ. ಗಾಬರಿಯಲ್ಲಿ ಜನ ಮರೆಯುವುದು ಇದನ್ನೇ. ಕಡ್ಡಿ ಒಳಗಿದ್ದರೆ ಗಾಳಿಗೆ ದಾರಿಯೇ ಇಲ್ಲ. ಅದೇ ಅಳತೆಯ ಟ್ಯೂಬ್ ಒಳಗೆ ಹೋಗದಿದ್ದರೆ ಅರ್ಧ ಮಿ.ಮೀ. ಚಿಕ್ಕದನ್ನು ಇಳಿಸಿ. ಅದಕ್ಕೇ ಎರಡೂ ಅಳತೆಯ ಟ್ಯೂಬ್, ಕತ್ತರಿ, ದಾರ ಸದಾ ಮಗುವಿನ ಪಕ್ಕದಲ್ಲೇ ಇರಬೇಕು, ಬೀರುವಿನಲ್ಲಲ್ಲ.

ಅಷ್ಟರೊಳಗೆ ಮನೆಯ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಉಸಿರು ನಿಂತಿದ್ದರೆ ಟ್ಯೂಬಿನ ಮೂಲಕವೇ ಉಸಿರು ಕೊಡುತ್ತ ಸಿಪಿಆರ್ ಶುರು ಮಾಡಿ.

ಟ್ಯೂಬ್ ಕಟ್ಟಿಕೊಳ್ಳಲು ಮುಖ್ಯ ಕಾರಣ ಒಣ ಗಾಳಿ. ಮೂಗು ಮಾಡುತ್ತಿದ್ದ ತೇವದ ಕೆಲಸವನ್ನು ಎಚ್‌ಎಂಇ ಫಿಲ್ಟರ್ (ಉಸಿರಿನ ಬಿಸಿ, ತೇವ ಹಿಡಿದಿಡಲು ಟ್ಯೂಬಿನ ಬಾಯಿಗೆ ಹಾಕುವ ಸಾಧನ) ಮಾಡಬೇಕು; ಅದು ಕಫದಿಂದ ಒದ್ದೆಯಾದ ಕೂಡಲೇ ಬದಲಿಸಿ.