ಅವ್ವನ ಬಳೆಯಿಂದ ಶುರು ಮಾಡಿ

ನಮಸ್ಕಾರ. ಸಿಂಧನೂರಿನಿಂದ ನೀವು ಕಳಿಸಿದ ‘ಸಭೆಯ ನಿಯಮ, ನನ್ನ ಮನಸ್ಸಾಕ್ಷಿ’ ಲೇಖನವನ್ನು ಎರಡು ಸಲ ಓದಿದೆ. ಸಭೆ, ಅಂದರೆ ಚರ್ಚು, ಹಾಕುವ ನಿಯಮಗಳು ಗುಲಾಮಗಿರಿ, ಮನಸ್ಸಾಕ್ಷಿಯೇ ದೊಡ್ಡದು ಅನ್ನುವುದು ನಿಮ್ಮ ವಾದ. ಇದ್ದ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಹಾಕಬೇಕೆಂಬ ಆಸೆ ನನಗೇ ಜಾಸ್ತಿ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೂರನೇ ಪುಟದಲ್ಲಿ ನಾಲ್ಕು ಸಾಲು ಇವೆ. ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ಹಿಂದಿನ ದಿನ ಪಾಸ್ಟರ್ ಹೇಳಿದರೆಂದು ಅವ್ವ ತಾಳಿ, ಬಳೆ ತೆಗೆದಿಟ್ಟರು. ಮರುದಿನ ಓಣಿಯ ಹೆಂಗಸರು ‘ಗಂಡ ಇದ್ದಾಗಲೇ ಹಿಂಗ್ಯಾಕ?’ ಎಂದರು. ಅಷ್ಟು ಹೇಳಿ ನೀವು ಬೈಬಲ್ಲಿನಲ್ಲಿರುವ ಅಪೊಸ್ತಲ ಪೌಲನ ಪತ್ರಗಳ ಕಡೆ ಓಡಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು ಅಲ್ವಾ? ಸಭೆಗೆ ಬರಿಗೈ ಅಂದರೆ ಸರಳತೆ. ಓಣಿಗೆ ಅದು ವಿಧವೆಯ ಗುರುತು. ಅಪ್ಪ ಏನಂದರು? ಬಳೆ ಎಲ್ಲಿಟ್ಟರು? ಇಡೀ ಲೇಖನದಲ್ಲಿ ಅವ್ವನ ಒಂದು ಮಾತೂ ಇಲ್ಲ. ಅವರ ಮನಸ್ಸಾಕ್ಷಿಯ ಪರವಾಗಿ ನೀವೇ ವಾದ ಮಾಡಿದ್ದೀರಿ. ಅವರು ಮನಸಾರೆ ತೆಗೆದಿದ್ದರೆ ಅದು ಅವರ ನಂಬಿಕೆ. ಅದನ್ನು ಗುಲಾಮಗಿರಿ ಅನ್ನಲು ನಿಮಗೆ ಹಕ್ಕಿಲ್ಲ. ಹೆದರಿ ತೆಗೆದಿದ್ದರೆ ಮಾತೇ ಬೇರೆ. ಹೋಗಿ ಕೇಳಿ.

ನಿಯಮಗಳನ್ನೆಲ್ಲ ಒಂದೇ ಗಂಟು ಕಟ್ಟಿದ್ದೀರಿ. ಕಳ್ಳತನ ಬೇಡ ಅನ್ನುವುದೂ ಬಳೆ ಬೇಡ ಅನ್ನುವುದೂ ಒಂದೇ ತೂಕದ್ದಲ್ಲ. ಒಡವೆ ತೆಗೆಸುವವರು ತೋರಿಸುವುದು ಬೈಬಲ್ಲಿನ 1 ತಿಮೊಥೆ 2:9 ಮತ್ತು 1 ಪೇತ್ರ 3:3. ಅಲ್ಲಿ ಬಂಗಾರದ ಮಾತಿದೆ, ಬಟ್ಟೆಯ ಮಾತಿದೆ, ಜಡೆಯ ಮಾತೂ ಇದೆ. ಗಾಜಿನ ಬಳೆಯ ಮಾತಿಲ್ಲ. ಜಡೆ ಬಿಚ್ಚಿಸಿದ ಸಭೆಯನ್ನು ನಾನು ಕಂಡಿಲ್ಲ. ಒಂದು ಸಭೆ ತನ್ನವರಿಗೆ ಒಂದು ಶಿಸ್ತು ಹಾಕಿಕೊಳ್ಳಲಿ, ತಪ್ಪಿಲ್ಲ. ಬಳೆ ಇದೆಯೆಂದು ಕರ್ತನ ಭೋಜನ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ, ಕೊಡದಿದ್ದರೆ ಅದು ತಪ್ಪು. ಇದು ನನ್ನ ಗಟ್ಟಿ ಮಾತು.

ಇನ್ನು ನಿಮ್ಮ ವಚನ. ರೋಮಾಪುರದವರಿಗೆ ಬರೆದ ಪತ್ರದ 14:5 ಹಿಡಿದಿದ್ದೀರಿ: ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ. ಸರಿ. ಎರಡು ವಚನ ಹಿಂದಕ್ಕೆ ಹೋಗಿ. ಅಲ್ಲಿ ಊಟದ ಮಾತಿದೆ. ತಿನ್ನದವನಿಗೆ ‘ತಿನ್ನುವವನ ಮೇಲೆ ತೀರ್ಪು ಮಾಡಬೇಡ’ ಅನ್ನುವ ಪೌಲ, ತಿನ್ನುವವನಿಗೂ ತಿನ್ನದವನನ್ನು ಕೀಳಾಗಿ ನೋಡಬೇಡ ಅನ್ನುತ್ತಾನೆ. ನೀವು ಪಾಸ್ಟರಿಗೆ ಮುಟ್ಟುವ ಅರ್ಧ ಮಾತ್ರ ಇಟ್ಟುಕೊಂಡಿದ್ದೀರಿ. ನಿಮಗೆ ಮುಟ್ಟುವ ಅರ್ಧ ಬಿಟ್ಟಿದ್ದೀರಿ.

ಅದು ಮುಟ್ಟುವ ಜಾಗ ನಿಮ್ಮ ಲೇಖನದಲ್ಲೇ ಇದೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಗೆಳೆಯರ ಜೊತೆ ದಾಸೋಹಕ್ಕೆ ಕೂತು ರೊಟ್ಟಿ, ಮಾದಲಿ ಉಂಡಿರಿ. ಉಂಡದ್ದು ತಪ್ಪು ಅನ್ನುತ್ತಿಲ್ಲ. ಪಕ್ಕದಲ್ಲಿ ಹೊಸದಾಗಿ ಯೇಸುವನ್ನು ನಂಬಿದ ತಮ್ಮ ಇದ್ದ ಅಂತ ನೀವೇ ಬರೆದಿದ್ದೀರಿ. ಅವನು ಉಂಡನಾ? ಸುಮ್ನೆ ಎಲೆ ನೋಡುತ್ತಾ ಕೂತನಾ? ತನ್ನ ಊಟ ಸಹೋದರನಿಗೆ ಅಡ್ಡಿಯಾದರೆ ಮಾಂಸವನ್ನೇ ಬಿಡುತ್ತೇನೆ ಎಂದು ಪೌಲ ಕೊರಿಂಥದವರಿಗೆ ಬರೆದ. ಆ ತಮ್ಮನ ಮುಖ ನನಗೆ ಬೇಕು.

ಭಾಷೆಯ ಬಗ್ಗೆ ಒಂದು ಮಾತು. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು, ಇಲ್ಲಿಯ ಜನ ತಮ್ಮ ಮಾತಲ್ಲೇ ಓದಲಿ ಅಂತ. ನೀವೂ ಪಾಸ್ಟರ್ ಪ್ರಸಂಗದ ಕನ್ನಡ ಬಿಟ್ಟು ಮನೆಯ ಕನ್ನಡದಲ್ಲಿ ಬರೆಯಿರಿ.

ಅವ್ವನಿಗೆ ಓದಿ ತೋರಿಸಿ, ಅವರು ಒಪ್ಪಿದ ಮೇಲೆ ಕಳಿಸಿ. ಅವರು ಬೇಡ ಅಂದ ಸಾಲನ್ನು ತೆಗೆಯೋಣ. ಹೆಸರು, ಊರು ಬದಲಿಸಬೇಕೆಂದರೂ ಬದಲಿಸೋಣ.